ರಾಜಧಾನಿ ಕಳೆದುಕೊಂಡ ದ್ವೀಪ: ಮಾಂಟ್‌ಸೆರಾಟ್



ಯಾವುದೇ ನಾಡಿನ ರಾಜಧಾನಿಯ ಹೆಸರು ಕೇಳಿದರೂ ನೀವು ಥಟ್ಟನೆ ಹೇಳಿಬಿಡುತ್ತೀರಿ. ಆದರೆ ಒಬ್ಬ ನಿವಾಸಿಯೂ ಇಲ್ಲದ ರಾಜಧಾನಿಯನ್ನು ಬಲ್ಲಿರಾ? ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿರುವ ಮಾಂಟ್‌ಸೆರಾಟ್ ದ್ವೀಪಕ್ಕೆ ಕಾಗದದ ಮೇಲೆ ಇಂದಿಗೂ ಪ್ಲಿಮತ್ ಪಟ್ಟಣವೇ ರಾಜಧಾನಿ. ಆ ಪಟ್ಟಣ ಬೂದಿ, ಬಂಡೆ, ಕೆಸರಿನಡಿ ಹೂತುಹೋಗಿದೆ. ಹೀಗೇಕಾಯಿತು ಎಂಬುದನ್ನು ತಿಳಿಯಲು ಭೂಗೋಳ ಮತ್ತು ಇತಿಹಾಸ, ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆಯಬೇಕು.

ಮೊದಲು ಭೂಗೋಳ. ಈ ದ್ವೀಪದ ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರ್. ಉದ್ದ 16 ಕಿಲೋಮೀಟರ್, ಅಗಲ 11. ಇಲ್ಲಿ ಅಟ್ಲಾಂಟಿಕ್ ಸಾಗರದ ತಳ ಕೆರಿಬಿಯನ್ ಭೂಫಲಕದ ಅಡಿಗೆ ನಿಧಾನವಾಗಿ ಜಾರುತ್ತಿದೆ. ಹಾಗೆ ಕೆಳಗಿಳಿದ ಶಿಲೆಯಿಂದ ಹೊರಬೀಳುವ ನೀರು ಮೇಲಿನ ಬಿಸಿ ಶಿಲೆಯ ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಕರಗಿದ ಶಿಲಾಪಾಕ ಮೇಲೇರುತ್ತದೆ. ಕಮಾನಿನಂತೆ ಬಾಗಿದ ಲೆಸ್ಸರ್ ಆಂಟಿಲೀಸ್ ದ್ವೀಪಮಾಲೆಯ ಜ್ವಾಲಾಮುಖಿಗಳು ಹುಟ್ಟಿದ್ದು ಹೀಗೆ. ಮಾಂಟ್‌ಸೆರಾಟ್‌ನಲ್ಲಿ ಉತ್ತರದ ಬೆಟ್ಟಗಳು ಹಳೆಯವು, ತಣ್ಣಗಾದವು. ದಕ್ಷಿಣದ ಸೂಫ್ರಿಯೇರ್ ಬೆಟ್ಟಗಳು ಎಳೆಯವು, ಜೀವಂತವಾದವು. ಇಲ್ಲಿನ ಲಾವಾ ನೀರಿನಂತೆ ಹರಿಯುವುದಿಲ್ಲ. ಬಹಳ ಅಂಟಾಗಿದ್ದು ಬಾಯಿಯಲ್ಲೇ ಗುಮ್ಮಟದಂತೆ ಗುಡ್ಡೆಯಾಗುತ್ತದೆ. ಗುಮ್ಮಟ ಕುಸಿದಾಗ ಕಾದ ಬೂದಿ, ಅನಿಲ, ಬಂಡೆಗಳು ಒಟ್ಟಾಗಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿಜಾರಿಗೆ ನುಗ್ಗುತ್ತವೆ. ಓಡಿ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ.

ಇನ್ನು ಇತಿಹಾಸ. 1493ರಲ್ಲಿ ಈ ದ್ವೀಪದ ಬಳಿ ಹಾದುಹೋದ ಕೊಲಂಬಸ್, ಸ್ಪೇನಿನ ಒಂದು ಮಠದ ಹೆಸರನ್ನು ಇದಕ್ಕೆ ಇಟ್ಟ. 1630ರ ದಶಕದಲ್ಲಿ ಇಂಗ್ಲಿಷರ ಆಡಳಿತದಡಿ ಐರಿಷ್ ಕ್ಯಾಥೊಲಿಕರು ಬಂದು ನೆಲೆಸಿದರು. ಬಳಿಕ ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಗುಲಾಮರನ್ನು ತರಲಾಯಿತು. ಐರಿಷರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ, 1768ರ ಮಾರ್ಚ್ 17ರಂದು, ಗುಲಾಮರು ದಂಗೆಗೆ ಸಂಚು ಹೂಡಿದರು. ಸುದ್ದಿ ಬಯಲಾಗಿ ದಂಗೆ ವಿಫಲವಾಯಿತು. ಇಂದು ಆ ದಿನ ದ್ವೀಪದಲ್ಲಿ ಸಾರ್ವತ್ರಿಕ ರಜೆ. ಹಬ್ಬವೂ ಹೌದು, ಹೋರಾಟದ ನೆನಪೂ ಹೌದು. 1834ರಲ್ಲಿ ಗುಲಾಮಗಿರಿ ರದ್ದಾಯಿತು.

1958ರಲ್ಲಿ ಮಾಂಟ್‌ಸೆರಾಟ್ ವೆಸ್ಟ್ ಇಂಡೀಸ್ ಒಕ್ಕೂಟ ಸೇರಿತು. ಆ ಒಕ್ಕೂಟ 1962ರಲ್ಲಿ ಮುರಿದುಬಿತ್ತು. ಡೊಮಿನಿಕ 1978ರಲ್ಲಿ, ಆಂಟಿಗುವ 1981ರಲ್ಲಿ, ಸೇಂಟ್ ಕಿಟ್ಸ್ 1983ರಲ್ಲಿ ಸ್ವತಂತ್ರವಾದವು. ಮಾಂಟ್‌ಸೆರಾಟ್‌ನ ಮುಖ್ಯಮಂತ್ರಿ ಜಾನ್ ಆಸ್‌ಬರ್ನ್ ಕೂಡ ಸ್ವಾತಂತ್ರ್ಯದ ಮಾತೆತ್ತಿದ್ದರು. ಆದರೆ 1989ರ ಹ್ಯೂಗೋ ಚಂಡಮಾರುತ ದ್ವೀಪವನ್ನೇ ಜರ್ಜರಿತಗೊಳಿಸಿತು. ಪ್ಲಿಮತ್‌ಗೆ ಜ್ವಾಲಾಮುಖಿಯ ಅಪಾಯವಿದೆಯೆಂದು ವಿಜ್ಞಾನಿಗಳು ಅದಕ್ಕೂ ಮುಂಚೆಯೇ ಎಚ್ಚರಿಸಿದ್ದರು. ಆದರೂ ಪುನರ್ನಿರ್ಮಾಣ ನಡೆದದ್ದು ಅದೇ ಪ್ಲಿಮತ್‌ನಲ್ಲಿ. ಬಂದರು, ಕಚೇರಿ, ಅಂಗಡಿ ಎಲ್ಲವೂ ಇದ್ದ ಊರನ್ನು ಬಿಡುವುದು ಯಾರಿಗೆ ತಾನೆ ಸುಲಭ?

1995ರ ಜುಲೈ 18ರಂದು ಬೆಟ್ಟ ಎಚ್ಚೆತ್ತಿತು. ಜನ ಉತ್ತರಕ್ಕೆ ಸ್ಥಳಾಂತರಗೊಂಡು ಶಾಲೆ, ಚರ್ಚುಗಳಲ್ಲಿ ತಂಗಿದರು. ಹೊಲಗಳೆಲ್ಲ ಹೆಚ್ಚಾಗಿ ದಕ್ಷಿಣದಲ್ಲಿದ್ದುದರಿಂದ ಕೆಲವರು ನಿಷೇಧಿತ ವಲಯಕ್ಕೆ ಹೋಗಿ ಬೆಳೆ ನೋಡಿಕೊಳ್ಳುತ್ತಿದ್ದರು. 1997ರ ಜೂನ್ 25ರಂದು ಗುಮ್ಮಟ ಕುಸಿದು 19 ಮಂದಿ ಸತ್ತರು. ಆಗಸ್ಟ್‌ನಲ್ಲಿ ಪ್ಲಿಮತ್ ನಾಶವಾಯಿತು. ನೆರವು ಸಾಲದೆಂದು ಜನ ಬೀದಿಗಿಳಿದರು, ಮುಖ್ಯಮಂತ್ರಿ ಬರ್ಟ್ರಂಡ್ ಆಸ್‌ಬರ್ನ್ ರಾಜೀನಾಮೆ ಕೊಟ್ಟರು. ಸುಮಾರು ಹನ್ನೊಂದು ಸಾವಿರ ಜನರಲ್ಲಿ ಹೆಚ್ಚಿನವರು ಬ್ರಿಟನ್ನಿಗೂ ನೆರೆಯ ದ್ವೀಪಗಳಿಗೂ ಹೊರಟುಹೋದರು. ಇಂದು ಅಲ್ಲಿರುವವರು ಐದು ಸಾವಿರಕ್ಕೂ ಕಡಿಮೆ.

ಉಳಿದವರು ಉತ್ತರದ ಬ್ರೇಡ್ಸ್‌ನಲ್ಲಿ ಸರ್ಕಾರಿ ಕಚೇರಿಗಳನ್ನು ತೆರೆದರು. 2005ರಲ್ಲಿ ಹೊಸ ವಿಮಾನ ನಿಲ್ದಾಣ ಬಂತು. 2002ರ ಕಾನೂನಿನಂತೆ ಅವರಿಗೆ ಪೂರ್ಣ ಬ್ರಿಟಿಷ್ ಪೌರತ್ವ ದೊರೆಯಿತು. 2011ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದಡಿ ಚುನಾಯಿತ ಸರ್ಕಾರದ ಮುಖ್ಯಸ್ಥರನ್ನು ಪ್ರೀಮಿಯರ್ ಎನ್ನುತ್ತಾರೆ. ರಕ್ಷಣೆ, ವಿದೇಶಾಂಗ ವ್ಯವಹಾರಗಳು ಗವರ್ನರರ ಕೈಯಲ್ಲಿವೆ. ಬಜೆಟ್‌ನ ದೊಡ್ಡ ಪಾಲು ಬ್ರಿಟನ್ನಿನ ನೆರವಿನಿಂದಲೇ ಬರಬೇಕು.

ಹಾಗಾದರೆ ಸ್ವಾತಂತ್ರ್ಯದ ಆಸೆಯನ್ನು ನಂದಿಸಿದ್ದು ಜ್ವಾಲಾಮುಖಿಯೇ? ಪೂರ್ತಿ ಹಾಗೆನ್ನಲಾಗದು. ಬೆಟ್ಟ ಎಲ್ಲಿರಬೇಕೆಂಬುದು ಮನುಷ್ಯನ ಕೈಯಲ್ಲಿಲ್ಲ. ಬೆಟ್ಟದ ಬುಡದಲ್ಲಿ ಏನೇನು ಕಟ್ಟಬೇಕೆಂಬುದು ಆಡಳಿತದ ತೀರ್ಮಾನ. ನಿಮ್ಮ ಅಟ್ಲಾಸಿನಲ್ಲಿ ಆಂಟಿಗುವದ ನೈಋತ್ಯಕ್ಕೆ ಕಣ್ಣು ಹಾಯಿಸಿ, ಮಾಂಟ್‌ಸೆರಾಟ್‌ನ ಚುಕ್ಕಿಯನ್ನು ಹುಡುಕಿ. ದ್ವೀಪದ ದಕ್ಷಿಣದಲ್ಲಿ ಪ್ಲಿಮತ್ ಎಂದು ಬರೆದಿದ್ದರೆ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 1997 ಎಂದು ಗುರುತು ಹಾಕಿಕೊಳ್ಳಿ.