ಆಪ್ತ ಸಮಾಲೋಚಕರ ಮೇಲ್ವಿಚಾರಣೆ: ತಪಾಸಣೆಯಲ್ಲ, ಒತ್ತಾಸೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಗಳು ನಗರಾಡಳಿತದ ವ್ಯಾಪ್ತಿಗೆ ಸೇರಿದ್ದರೂ, ಅಲ್ಲಿ ದುಡಿಯುವ ಅನೇಕರು ಬಾಡಿಗೆಗಿರುವುದು ಅಂಚಿನ ಗ್ರಾಮ ಪಂಚಾಯಿತಿಗಳ ವಠಾರ, ಶೆಡ್ಡು ಮತ್ತು ಪಿ.ಜಿ.ಗಳಲ್ಲಿ. ಸಿದ್ಧ ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳು, ಕಟ್ಟಡ ಕಾರ್ಮಿಕರು, ಕಾವಲುಗಾರರು, ಕ್ಯಾಬ್ ಚಾಲಕರು ಇವರಲ್ಲಿದ್ದಾರೆ. ಉತ್ತರ ಕರ್ನಾಟಕದಿಂದ ಬಂದವರಂತೆಯೇ ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬಂದವರೂ ಉಂಟು. ಊರಿನಲ್ಲಿದ್ದರೆ ಅಕ್ಕನಿಗೋ ಅತ್ತಿಗೆಗೋ ಹೇಳಿಕೊಳ್ಳಬಹುದಾದ ಸಂಕಟವನ್ನು ಇಲ್ಲಿ ಹೇಳಿಕೊಳ್ಳಲು ಅವರಿಗೆ ಯಾರೂ ಇರುವುದಿಲ್ಲ. ಅಂಥವರ ಪಾಲಿಗೆ ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚಕರ ಕೊಠಡಿಯೇ ಮನಬಿಚ್ಚಿ ಮಾತನಾಡಬಹುದಾದ ತಾಣ.

ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ಮುನ್ನ ಮತ್ತು ಫಲಿತಾಂಶ ತಿಳಿಸುವಾಗ ಸಮಾಲೋಚನೆ ನಡೆಯುತ್ತದೆ. ಸ್ನೇಹಾ ಕ್ಲಿನಿಕ್‌ನಲ್ಲಿ ಹದಿಹರೆಯದವರೊಡನೆ, ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಲ್ಲಿ ರಕ್ತದೊತ್ತಡ, ಮಧುಮೇಹ ಉಳ್ಳವರೊಡನೆ ನಡೆಯುತ್ತದೆ. ಇವರೆಲ್ಲರ ಉಪಕರಣ ಒಂದೇ, ಮಾತು. ಸೂಜಿ ತಪ್ಪಿದರೆ ಗಾಯ ಕಣ್ಣಿಗೆ ಕಾಣುತ್ತದೆ. ಮಾತು ತಪ್ಪಿದರೆ ಬಂದವರು ಮರಳಿ ಬರುವುದಿಲ್ಲ, ಅಷ್ಟೇ. ರಿಜಿಸ್ಟರ್ ನೋಡಿ ಇದನ್ನು ಕಂಡುಹಿಡಿಯಲು ಬರುವುದಿಲ್ಲ. ತಿಂಗಳಿಗೆ ಎಷ್ಟು ಜನ ಬಂದರು, ಎಷ್ಟು ಪರೀಕ್ಷೆಗಳಾದವು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಆದ್ದರಿಂದ ಅನುಭವಿ ಮಾರ್ಗದರ್ಶಕರೊಬ್ಬರು ಕೊಠಡಿಯಲ್ಲೇ ಕುಳಿತು ನೋಡುವ ಕ್ರಮ ಅವಶ್ಯ.

ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳಬಹುದು. ಪಾಳಿ ಮುಗಿಸಿ ಬಂದ ಇಪ್ಪತ್ತೆರಡರ ಯುವಕನೊಬ್ಬ ಸಮಾಲೋಚಕಿಯ ಎದುರು ಕುಳಿತಿದ್ದಾನೆ. ಮಾರ್ಗದರ್ಶಕಿ ಇರುವುದಕ್ಕೆ ಅವನ ಒಪ್ಪಿಗೆಯನ್ನು ಮೊದಲೇ ಕೇಳಲಾಗಿದೆ. ಅವನು ಬೇಡವೆಂದಿದ್ದರೆ ಅವರು ಹೊರಗೆ ನಡೆಯಬೇಕಾಗಿತ್ತು. ಅವರು ಯುವಕನ ದೃಷ್ಟಿಗೆ ನೇರವಾಗಿ ಬೀಳದಂತೆ ಪಕ್ಕಕ್ಕೆ ಕುಳಿತಿದ್ದಾರೆ. ಮಾತಿನ ನಡುವೆ ಬಾಯಿ ಹಾಕುವುದಿಲ್ಲ, ತಲೆಯಾಡಿಸುವುದೂ ಇಲ್ಲ. ಯುವಕ ಸುಮ್ಮನಾದಾಗ ಸಮಾಲೋಚಕಿ ಅವಸರಿಸದೆ ಕಾದದ್ದನ್ನು, ಅವನ ಹಿಂದಿಗೆ ತಮ್ಮ ಹರಕು ಹಿಂದಿಯಲ್ಲೇ ಉತ್ತರಿಸಲು ಯತ್ನಿಸಿದ್ದನ್ನು ಗುರುತು ಹಾಕಿಕೊಳ್ಳುತ್ತಾರೆ. ಫಲಿತಾಂಶ ನೆಗೆಟಿವ್. ಯುವಕ ನಿಟ್ಟುಸಿರು ಬಿಟ್ಟು ಎದ್ದಿದ್ದಾನೆ. ಆದರೆ ಸೋಂಕು ತಗಲಿದ್ದರೂ ಆರಂಭದ ಕೆಲವು ವಾರ ಪರೀಕ್ಷೆಯಲ್ಲಿ ಕಾಣದಿರಬಹುದು, ಹಾಗಾಗಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು ಎಂಬುದನ್ನು ಹೇಳುವುದು ಸಮಾಲೋಚಕಿಗೆ ಮರೆತಿದೆ.

ಈಗ ಮಾರ್ಗದರ್ಶಕಿ ಸುಮ್ಮನಿರುವಂತಿಲ್ಲ. ಸುಮ್ಮನಿದ್ದರೆ ಯುವಕ ಸುಳ್ಳು ಧೈರ್ಯದೊಡನೆ ಮನೆಗೆ ಹೋಗುತ್ತಾನೆ. ಎಲ್ಲರೆದುರು ತಿದ್ದಿದರೆ ಸಮಾಲೋಚಕಿಯ ಮೇಲೆ ಅವನಿಗಿದ್ದ ವಿಶ್ವಾಸ ಕುಸಿಯುತ್ತದೆ. “ಮುಂದಿನ ಪರೀಕ್ಷೆಯ ದಿನ ಇವರಿಗೆ ಬರೆದುಕೊಡುತ್ತೀರಾ, ಮೇಡಂ?” ಎಂಬ ಒಂದೇ ಮಾತು ಸಾಕು. ಸಮಾಲೋಚಕಿಗೆ ನೆನಪಾಗುತ್ತದೆ, ವಿವರಿಸುತ್ತಾರೆ. ಮೌನವಾಗಿ ಗಮನಿಸಬೇಕೆಂಬ ನಿಯಮಕ್ಕೆ ಇದೊಂದು ಅಪವಾದ: ಬಂದವರಿಗೆ ಹಾನಿಯಾಗುವ ಲೋಪವನ್ನು ಅವರು ಬಾಗಿಲು ದಾಟುವ ಮುನ್ನವೇ ಸರಿಪಡಿಸತಕ್ಕದ್ದು.

ಉಳಿದದ್ದೆಲ್ಲ ಆಮೇಲೆ, ಇಬ್ಬರೇ ಇರುವಾಗ. “ಹೇಗಾಯಿತೆಂದು ನಿಮಗನ್ನಿಸಿತು?” ಎಂದು ಮೊದಲು ಸಮಾಲೋಚಕಿಯನ್ನೇ ಕೇಳುವುದು ಉಚಿತ. ಬಹಳಷ್ಟು ಮಂದಿ ತಮ್ಮ ಲೋಪವನ್ನು ತಾವೇ ಹೇಳಿಬಿಡುತ್ತಾರೆ. ಆಗ ಹೇಳುವವರ ಕೆಲಸ ಅರ್ಧ ಕಡಿಮೆಯಾಯಿತು. ಮೆಚ್ಚುಗೆಯೂ ನಿರ್ದಿಷ್ಟವಾಗಿರಬೇಕು. “ಚೆನ್ನಾಗಿ ಮಾಡಿದಿರಿ” ಎಂಬ ಮಾತಿನಿಂದ ಕಲಿಯಲು ಏನೂ ಸಿಗದು. “ಅವನು ತಲೆ ತಗ್ಗಿಸಿದಾಗ ನೀವು ಪೆನ್ನು ಕೆಳಗಿಟ್ಟು ಕಾದಿರಿ, ಅನಂತರವೇ ಅವನು ಮಾತಾಡಿದ” ಎಂದರೆ, ನಾಳೆಯೂ ಅವರು ಪೆನ್ನು ಕೆಳಗಿಡುತ್ತಾರೆ. ತಿದ್ದಬೇಕಾದ ಅಂಶವನ್ನು ಒಂದು ಭೇಟಿಗೆ ಒಂದೋ ಎರಡೋ ಎಂದು ಮಿತಿಗೊಳಿಸುವುದು ಲೇಸು. ಹತ್ತು ಹೇಳಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಹಾಗೆಂದು ಇದು ಬೆನ್ನು ತಟ್ಟಿ ಕಳುಹಿಸುವ ಉಪಚಾರವೂ ಅಲ್ಲ. ಹಿಂದಿನ ಸಲ ಒಪ್ಪಿಕೊಂಡ ಬದಲಾವಣೆ ಈ ಸಲ ಕಂಡಿತೇ ಎಂದು ಮರುಭೇಟಿಯಲ್ಲಿ ನೋಡದಿದ್ದರೆ ಇಡೀ ಕ್ರಮವೇ ವ್ಯರ್ಥ.

ಈ ಬಗೆಯ ಒತ್ತಾಸೆ ಕರ್ನಾಟಕಕ್ಕೆ ಹೊಸದಲ್ಲ. ತಾಯಿ ಮತ್ತು ನವಜಾತ ಶಿಶುಗಳ ಆರೈಕೆಗಾಗಿ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆಯಲ್ಲಿ ಮಾರ್ಗದರ್ಶಕ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿನ ಸಿಬ್ಬಂದಿಯ ಜೊತೆಗೇ ಕೆಲಸ ಮಾಡುತ್ತ ಕೊರತೆಗಳನ್ನು ಅವರಿಂದಲೇ ಗುರುತಿಸಿಸಿದರು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಕೇಂದ್ರಗಳಲ್ಲಿ ಇಂಥ ಭೇಟಿ ದೊರೆತ ಕಡೆಯನ್ನು ದೊರೆಯದ ಕಡೆಯೊಡನೆ ಹೋಲಿಸಿದಾಗ, ಭೇಟಿ ದೊರೆತ ಕೇಂದ್ರಗಳ ಸಿಬ್ಬಂದಿಯ ತಿಳಿವಳಿಕೆ ಮತ್ತು ಸಿದ್ಧತೆ ಮೇಲಾಗಿದ್ದುದು ಕಂಡುಬಂತು. ಅದು ಹೆರಿಗೆ ಕೋಣೆಯ ಮಾತು, ನಿಜ. ಆದರೆ ಹೆರಿಗೆ ಮಾಡಿಸುವವರಿಗೆ ಒದಗಿದ ಕ್ರಮ ಮಾತನ್ನೇ ನೆಚ್ಚಿಕೊಂಡವರಿಗೆ ಇನ್ನೂ ಹೆಚ್ಚು ಬೇಕು.

ಇಲ್ಲಿ ಸದಸ್ಯರ ಸ್ಥಾನ ಯಾವುದು? ಸಮಾಲೋಚನಾ ಕೊಠಡಿಯ ಒಳಗಂತೂ ಅಲ್ಲ. ತಮ್ಮ ವಾರ್ಡಿನವರೆಂಬ ಕಾಳಜಿಯಿಂದಲೇ ಆಗಲಿ, ಯಾರು ಬಂದಿದ್ದರು, ಏನಾಗಿದೆ ಎಂದು ಸಿಬ್ಬಂದಿಯನ್ನು ಕೇಳುವುದು ಸಲ್ಲದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ಬಾಡಿಗೆ ಮನೆಯ ಮಾಲೀಕರ ಕಿವಿಗೆ ಒಂದು ಮಾತು ಬಿದ್ದರೆ ಒಂದು ಕುಟುಂಬ ಬೀದಿಗೆ ಬರಬಹುದೆಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಗಿಲ ಹೊರಗೆ ಮಾಡಬೇಕಾದದ್ದು ಸಾಕಷ್ಟಿದೆ. ಸಾರ್ವಜನಿಕ ಆರೋಗ್ಯವು ಪಂಚಾಯಿತಿಯ ಹೊಣೆಯೂ ಹೌದು. ಪಂಚಾಯಿತಿ ವ್ಯಾಪ್ತಿಯ ಆರೋಗ್ಯ ಕೇಂದ್ರದಲ್ಲಿ ಸಮಾಲೋಚನೆಗೆ ಪ್ರತ್ಯೇಕ ಕೊಠಡಿ ಇದೆಯೇ, ಇಲ್ಲದಿದ್ದರೆ ಕನಿಷ್ಠ ಒಂದು ಮರೆ ಇದೆಯೇ, ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ಒಳಗಿನ ಮಾತು ಕೇಳಿಸುತ್ತದೆಯೇ ಎಂಬುದನ್ನು ಸದಸ್ಯರು ಆ ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತೇ ತಿಳಿಯಬಹುದು. ಪ್ರಗತಿ ಪರಿಶೀಲನೆ ನಡೆದಾಗ “ಗುರಿ ಏಕೆ ಮುಟ್ಟಿಲ್ಲ?” ಎಂಬ ಪ್ರಶ್ನೆಯ ಜೊತೆಗೆ “ಕಳೆದ ಮೂರು ತಿಂಗಳಲ್ಲಿ ಸಮಾಲೋಚಕರ ಬಳಿ ಮಾರ್ಗದರ್ಶಕರು ಎಷ್ಟು ಸಲ ಬಂದು ಕುಳಿತರು? ಅವರು ಕೇಳಿದ ಸೌಲಭ್ಯಗಳಲ್ಲಿ ಯಾವುದನ್ನು ಒದಗಿಸಲಾಯಿತು?” ಎಂಬುದನ್ನೂ ಕೇಳಬಹುದು. ಉತ್ತರ ‘ಒಮ್ಮೆಯೂ ಇಲ್ಲ’ ಎಂದಾದಲ್ಲಿ ಆ ಲೋಪವನ್ನು ಸಮಾಲೋಚಕರ ತಲೆಗೆ ಕಟ್ಟದೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ.

ವೇಳೆಯ ಪ್ರಶ್ನೆಯೂ ಉಂಟು. ಹಗಲು ಪಾಳಿಯ ಕಾರ್ಮಿಕರು ಬಿಡುವಾಗುವ ಹೊತ್ತಿಗೆ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿರುತ್ತದೆ. ತಿಂಗಳಿಗೊಂದು ಭಾನುವಾರವಾದರೂ ಸಮಾಲೋಚಕರು ಲಭ್ಯರಿರುವಂತೆ, ಅದಕ್ಕೆ ಪ್ರತಿಯಾಗಿ ಅವರಿಗೆ ವಾರದ ನಡುವೆ ರಜೆ ದೊರೆಯುವಂತೆ ಆರೋಗ್ಯ ಇಲಾಖೆಯನ್ನು ಕೋರುವ ನಿರ್ಣಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬಹುದು.