ಹೊರನಾಡಿನಲ್ಲಿ ಮಡಿದವನಿಗೆ ತವರಿನ ಕಲ್ಲು

ವೀರಗಲ್ಲಿನ ಶಿಲ್ಪಕ್ರಮವಾಗಲಿ, ಮಡಕಶಿರ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು ಎಂಬುದಾಗಲಿ, 1914ರಿಂದ 1918ರವರೆಗಿನ ಮಹಾಯುದ್ಧದ ಕಥನವಾಗಲಿ ಈ ಸಭೆಗೆ ಹೊಸತಲ್ಲ. ಅವೆಲ್ಲ ಗ್ರಂಥಗಳಲ್ಲಿ ದೊರೆಯುತ್ತವೆ. ಆ ಯುದ್ಧದಲ್ಲಿ ಕಡಲಾಚೆ ಮಡಿದು ಅಲ್ಲಿಯೇ ಮಣ್ಣಾದ ಅಥವಾ ಬೂದಿಯಾದ ಯುವಕನಿಗೆ ಅವನ ಊರಿನಲ್ಲಿ ಕಲ್ಲು ನಿಲ್ಲಿಸುವುದು ನಮ್ಮ ಪರಂಪರೆಗೆ ಸಲ್ಲುತ್ತದೆಯೇ ಎಂಬುದೊಂದೇ ಇಲ್ಲಿನ ಪ್ರಶ್ನೆ.

ಸಲ್ಲದು ಎನ್ನುವವರ ವಾದವಿಷ್ಟು: ವೀರಗಲ್ಲು ವೀರನು ಬಿದ್ದ ನೆಲದ ಗುರುತು, ಆದ್ದರಿಂದ ದೇಹವಿಲ್ಲದ ಊರಿನಲ್ಲಿ ಅದಕ್ಕೆ ಅರ್ಥವಿಲ್ಲ. ಈ ತಪ್ಪು ತಿಳಿವಳಿಕೆಗೆ ಕಾರಣವೂ ಸ್ಪಷ್ಟವಾಗಿದೆ. ತುರುಗೊಳ್, ಅಂದರೆ ದನಗಳನ್ನು ಅಪಹರಿಸುವ ದಾಳಿ, ಸಾಮಾನ್ಯವಾಗಿ ಊರಿನ ಅಂಚಿನಲ್ಲಿಯೇ ನಡೆಯುತ್ತಿದ್ದುದರಿಂದ ಅಲ್ಲಿ ಕಾದಿ ಸತ್ತವನ ಊರೂ ಅವನು ಬಿದ್ದ ನೆಲವೂ ಒಂದೇ ಆಗಿರುತ್ತಿದ್ದವು. ಇಂಥ ಕಲ್ಲುಗಳನ್ನು ಮಾತ್ರ ಎದುರಿಗಿಟ್ಟುಕೊಂಡು ಕಟ್ಟಿದ ಸಿದ್ಧಾಂತ ದೂರದ ದಂಡಯಾತ್ರೆಗಳಿಗೆ ಅನ್ವಯಿಸದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಈ ವಾದವನ್ನು ನೇರವಾಗಿ ಮುರಿಯುತ್ತದೆ. ಗಂಗ ದೊರೆ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ವೀರಮಹೇಂದ್ರನ ಪಡೆಯೊಡನೆ ಕಾದಿ ಮಡಿದದ್ದು ತುಂಬೆಪಾಡಿಯಲ್ಲಿ. ಕಲ್ಲು ನಿಂತದ್ದು ಬೇಗೂರಿನಲ್ಲಿ. ಅವನ ಸಾವಿನ ನಂತರ ಇರುಗನೆಂಬವನಿಗೆ ನಾಗತ್ತರ ಪಟ್ಟವೂ ಬೆಂಪೂರು ಹನ್ನೆರಡು ಎಂಬ ಹಳ್ಳಿಗಳೂ ದೊರೆತವು. ಆ ಅಯ್ಯಪನನ್ನು ನೊಳಂಬ ಅರಸನೆಂದು ಗುರುತಿಸುವುದು ವಾಡಿಕೆಯಾದ್ದರಿಂದ ಈ ಸಾಕ್ಷ್ಯ ಹೆಂಜೇರಿನ ಸೀಮೆಗೂ ಸಂಬಂಧಿಸಿದ್ದೇ ಆಗುತ್ತದೆ. ಸತ್ತವನ ಹೆಸರು, ಅವನ ಒಡೆಯ, ಎದುರಾಳಿ, ಕಾಳಗದ ನೆಲೆ, ಕೊಟ್ಟ ದತ್ತಿ ಇವಿಷ್ಟನ್ನೂ ಉಳಿದವರ ಕಣ್ಣೆದುರು ನಿಲ್ಲಿಸುವುದೇ ಕಲ್ಲಿನ ಕೆಲಸ. ಮಡಿದವನ ಕುಟುಂಬಕ್ಕೆ ಭೂಮಿಯನ್ನು ಬಿಟ್ಟುಕೊಡುವ ನೆತ್ತರುಗೊಡಗೆಯೂ ಇದೇ ಹೊಣೆಯ ಇನ್ನೊಂದು ಮುಖ.

ಎರಡನೆಯ ವಾದ ಇದಕ್ಕಿಂತ ನೋವು ತರುವಂಥದ್ದು. ಭಾರತೀಯ ಸಿಪಾಯಿಯ ಮನೆಯವರು ಕೆತ್ತಿದ ಹೆಸರಿಗೆ ಬೆಲೆ ಕೊಡುವವರಲ್ಲ ಎಂದು ಬ್ರಿಟಿಷ್ ಸಾಮ್ರಾಜ್ಯದ ಅಧಿಕಾರಿಗಳು ಊಹಿಸಿದರು. ಯುದ್ಧಸಮಾಧಿಗಳ ಆಯೋಗಕ್ಕಾಗಿ ಫ್ರೆಡರಿಕ್ ಕೆನ್ಯನ್ 1918ರಲ್ಲಿ ಬರೆದ ವರದಿ ಎಲ್ಲ ಮೃತರಿಗೂ ಸಮಾನ ಗೌರವವೆಂಬ ತತ್ತ್ವವನ್ನು ಮುಂದಿಟ್ಟಿತ್ತು. ಅದರಂತೆ ಫ್ರಾನ್ಸಿನ ನೋವ್ ಶಾಪೆಲ್ ಸ್ಮಾರಕದಲ್ಲಿ 1927ರಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಮೂಡಿದವು. ಎರಡೇ ವರ್ಷಗಳ ತರುವಾಯ ಇರಾಕಿನ ಬಸ್ರಾದಲ್ಲಿ ಅದೇ ಆಯೋಗ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿಸಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ರೆಜಿಮೆಂಟಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಉಳಿಸಿತು. ಖರ್ಚು, ಪದ್ಧತಿ, ಧರ್ಮ ಎಂಬ ಸಮರ್ಥನೆಗಳು ಯಾವುವೂ ಈ ಎರಡು ಸ್ಮಾರಕಗಳನ್ನು ಒಟ್ಟಿಗಿಟ್ಟು ನೋಡಿದಾಗ ನಿಲ್ಲುವುದಿಲ್ಲ. ಆಯೋಗವೇ ನೇಮಿಸಿದ ಸಮಿತಿ 2021ರಲ್ಲಿ ಈ ಅಸಮಾನತೆಯನ್ನು ಒಪ್ಪಿಕೊಂಡಿತು. ಹಳೆಯ ಮದ್ರಾಸ್ ಪ್ರಾಂತದ ಹಲವು ಹಳ್ಳಿಗಳ ಫಲಕಗಳಲ್ಲಿಯೂ ಇದೇ ರೀತಿ: ಈ ಊರಿನಿಂದ ಯುದ್ಧಕ್ಕೆ ಹೋದವರು ಇಷ್ಟು, ಪ್ರಾಣ ತೆತ್ತವರು ಇಷ್ಟು ಎಂಬ ಲೆಕ್ಕವಿದೆ, ಹೆಸರಿಲ್ಲ. ಸಾವಿರ ವರ್ಷಗಳ ಹಿಂದೆಯೇ ಊರಿನ ಸಾಮಾನ್ಯ ಬಂಟನ ಹೆಸರನ್ನೂ ಕಲ್ಲಿಗೇರಿಸಿದ ನೆಲಕ್ಕೆ ಹೆಸರಿನ ಬೆಲೆ ತಿಳಿಯದೆಂಬ ಮಾತು ಅನ್ಯಾಯದ್ದು, ಅದನ್ನು ಇನ್ನೂ ಉದ್ಧರಿಸುವವರು ಹೇಮಾವತಿಯ ಕಲ್ಲುಗಳನ್ನೊಮ್ಮೆ ಓದಬೇಕು.

ಹೆಸರುಗಳು ಕಳೆದುಹೋಗಿಲ್ಲ ಎಂಬುದು ಸಮಾಧಾನದ ಸಂಗತಿ. ಆಯೋಗದ ದಾಖಲೆಗಳಲ್ಲಿ ಅನೇಕ ಭಾರತೀಯ ಸೈನಿಕರ ತಂದೆಯ ಹೆಸರು, ಊರು, ಜಿಲ್ಲೆ ನಮೂದಾಗಿವೆ. ಆದರೆ ಅವುಗಳನ್ನು ಇಂದಿನ ನಕ್ಷೆ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಮಡಕಶಿರ 1882ರಿಂದ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವಾದರೋ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆದ್ದರಿಂದ ಮಹಾಯುದ್ಧದಲ್ಲಿ ಮಡಿದ ರಾಯದುರ್ಗದ ಹುಡುಗನನ್ನು ಬಳ್ಳಾರಿಯ ಹೆಸರಿನ ಕೆಳಗೆ, ಮಡಕಶಿರದವನನ್ನು ಅನಂತಪುರದ ಹೆಸರಿನ ಕೆಳಗೆ, ಇಂಗ್ಲಿಷ್ ಗುಮಾಸ್ತರು ಬರೆದುಕೊಂಡ ಬಗೆಬಗೆಯ ಕಾಗುಣಿತಗಳಲ್ಲಿ ಹುಡುಕಬೇಕು. ಆ ಪಟ್ಟಿ ಸಿದ್ಧವಾದ ಮೇಲೆ ಯಾವ ಊರಿನಲ್ಲಿ ಯಾವ ಕಲ್ಲು ಎಂಬುದನ್ನು ಆಯಾ ಊರಿನವರೇ ತೀರ್ಮಾನಿಸಬಹುದು.