ಪುನರುಕ್ತಿಯ ಮಡಿಕೆಗಳು
(ಬಾನುಲಿ ಭಾಷಣ)

ಹೇಳಿದ್ದನ್ನೇ ಮತ್ತೆ ಹೇಳುವುದನ್ನು ನಮ್ಮ ಲಾಕ್ಷಣಿಕರು ಪುನರುಕ್ತಿಯೆಂದು ಕರೆದು ಕಾವ್ಯದೋಷಗಳ ಸಾಲಿನಲ್ಲಿ ಸೇರಿಸಿದರು. ಅದೇ ಲಾಕ್ಷಣಿಕರು ಅಕ್ಷರಗಳ ಆವೃತ್ತಿಯಿಂದ ಹುಟ್ಟುವ ಯಮಕವನ್ನು ಅಲಂಕಾರವೆಂದು ಮನ್ನಿಸಿದರು. ಆವೃತ್ತಿ ಯಾವಾಗ ದೋಷ, ಯಾವಾಗ ಗುಣ ಎಂಬ ಪ್ರಶ್ನೆ ಕನ್ನಡದ ವಿದ್ಯಾರ್ಥಿಗೆ ಹಳೆಯದು. ಜೀವವಿಜ್ಞಾನಿಗಳನ್ನೂ ಈ ಪ್ರಶ್ನೆ ಅರ್ಧ ಶತಮಾನದಿಂದ ಕಾಡಿದೆ. ಅದರ ಉತ್ತರದ ಒಂದು ಭಾಗ ನಮ್ಮ ಬೆಂಗಳೂರಿನಲ್ಲಿಯೇ ದೊರೆತಿದೆ. ಸಾಹಿತ್ಯಾಸಕ್ತರಿಗೂ ಇದು ಕುತೂಹಲದ ಸಂಗತಿಯಾದೀತೆಂದು ಭಾವಿಸಿ, ವರ್ಣತಂತುಗಳಲ್ಲಿನ ಪುನರುಕ್ತಿಯ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಪ್ರತಿಯೊಂದು ವರ್ಣತಂತುವಿನೊಳಗೂ ಡಿ.ಎನ್.ಎ. ಎಂಬ ನೀಳವಾದ ಜೋಡಿ ಎಳೆಯಿದೆ. ಅದರ ಬರಹಕ್ಕೆ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಒಂದು ಎಳೆಯ ‘ಎ’ಗೆ ಎದುರೆಳೆಯ ‘ಟಿ’ ಜೊತೆ. ‘ಜಿ’ಗೆ ‘ಸಿ’ ಜೊತೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಇದನ್ನು ಬಲಮುಖವಾಗಿ ತಿರುಗುವ ಜೋಡಿಸುರುಳಿಯೆಂದು ವಿವರಿಸಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ನಾವು ಪಡೆಯುವ ಎರಡು ಪ್ರತಿಗಳಲ್ಲಿ ಒಂದೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ. ಪ್ರೋಟೀನುಗಳ ರಚನೆಯನ್ನು ನೇರವಾಗಿ ತಿಳಿಸುವ ಪಾಠ ಅದರಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ. ಅರ್ಧದಷ್ಟು ಭಾಗ ಒಂದಲ್ಲ ಒಂದು ಬಗೆಯ ಪುನರಾವೃತ್ತಿ. ಪ್ರೋಟೀನಿನ ಪಾಠವಿಲ್ಲದ ಈ ಬಹುಭಾಗಕ್ಕೆ 1972ರಲ್ಲಿ ಸುಸುಮು ಓಹ್ನೊ ಎಂಬ ವಿಜ್ಞಾನಿ ‘ಕಸ’ ಎಂಬ ಮಾತನ್ನು ಬಳಸಿದರು, ಹೆಸರು ಅಂಟಿಕೊಂಡಿತು. 2003ರಲ್ಲಿ ಮಾನವನ ವಂಶಪಾಠದ ಓದು ಮುಗಿಯಿತೆಂದು ಸಾರಿದಾಗಲೂ ನೂರಕ್ಕೆ ಎಂಟರಷ್ಟು ಭಾಗ ಓದದೆ ಉಳಿದಿತ್ತು. ಒಂದೇ ಸಾಲು ಸಾವಿರಾರು ಬಾರಿ ಬಂದಾಗ ಯಾವ ಚೂರು ಯಾವ ಸ್ಥಾನಕ್ಕೆ ಸೇರಿದ್ದೆಂದು ನಿರ್ಣಯಿಸುವುದು ಕಷ್ಟವಾಗಿತ್ತು. ಆ ಭಾಗಗಳ ಪಾಠ ಸಿದ್ಧವಾದದ್ದು 2022ರಲ್ಲಿ. ಓಲೆಗರಿಗಳ ಗ್ರಂಥಸಂಪಾದನೆ ಮಾಡಿದವರಿಗೆ ಈ ತೊಡಕು ಚೆನ್ನಾಗಿ ಅರ್ಥವಾಗುತ್ತದೆ.

ಪುನರುಕ್ತಿಯಿರುವಲ್ಲಿ ಎಳೆ ಮಡಿಸಿಕೊಳ್ಳುವುದೇಕೆ? ನಾನು ವಾಸಿಸುವ ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಹೂ ಕಟ್ಟುವವರ ಕೈಯ ದಾರವನ್ನು ನೋಡಿದರೆ ಅರ್ಧ ಉತ್ತರ ಸಿಕ್ಕುತ್ತದೆ. ಹುರಿ ಹೆಚ್ಚಾದ ದಾರವನ್ನು ಸಡಿಲ ಬಿಟ್ಟರೆ ಅದು ನಡುವೆ ಮಡಿಸಿಕೊಂಡು ತನ್ನನ್ನೇ ತಾನು ಸುತ್ತಿಕೊಳ್ಳುತ್ತದೆ. ಡಿ.ಎನ್.ಎ.ಯ ಪಾಠವನ್ನು ಜೀವಕೋಶ ಓದುವಾಗ ಜೋಡಿ ಎಳೆ ಬಿಚ್ಚಬೇಕು. ಆಗ ಮುಂದುಗಡೆ ಹುರಿ ಬಿಗಿಯುತ್ತದೆ, ಹಿಂದುಗಡೆ ಸಡಿಲುತ್ತದೆ; ಸಡಿಲಿದೆಡೆ ಎಳೆಗಳು ಬೇರೆಯಾಗುವುದು ಸುಲಭ. ಸಾಮಾನ್ಯ ಪಾಠವಾದರೆ ಬೇರೆಯಾದ ಎಳೆಗೆ ಎದುರೆಳೆಯ ನಿಯತ ಸ್ಥಾನವೊಂದೇ ಜೊತೆ. ಪುನರುಕ್ತಿಯ ಪಾಠವಾದರೆ ಹತ್ತಾರು ಸ್ಥಾನಗಳು ಹೊಂದುತ್ತವೆ. ಎಷ್ಟೋ ವೇಳೆ ಎಳೆ ತನ್ನೊಡನೆ ತಾನೇ ಕೂಡಿಕೊಳ್ಳುತ್ತದೆ.

ಹೀಗೆ ಹುಟ್ಟುವ ಆಕಾರಗಳು ಹಲವು. ‘ವಿಕಟಕವಿ’ ಎಂಬ ಪದದಂತೆ ಎರಡೂ ಕಡೆಯಿಂದ ಒಂದೇ ಪಾಠ ಬರುವ ಗತಪ್ರತ್ಯಾಗತದಲ್ಲಿ, ಎಂದರೆ ಎರಡು ಎಳೆಗಳನ್ನು ಅವವುಗಳ ದಿಕ್ಕಿನಲ್ಲಿ ಓದಿದಾಗ ಒಂದೇ ಸಾಲು ಬರುವಲ್ಲಿ, ಎಳೆಗಳೆರಡೂ ತಮ್ಮಷ್ಟಕ್ಕೆ ಮಡಿಸಿ ಶಿಲುಬೆಯ ರೂಪ ತಾಳಬಲ್ಲವು. ಮೂರು ಎಳೆಗಳು ಕೂಡಿದ ಸುರುಳಿ ಸಾಧ್ಯವೆಂದು 1957ರಲ್ಲಿ, ಡಿ.ಎನ್.ಎ.ಯ ಸೋದರನಾದ ಆರ್.ಎನ್.ಎ.ಯಲ್ಲಿ ಕಂಡುಬಂತು. ನಾಲ್ಕು ‘ಜಿ’ಗಳು ಒಂದೇ ಸಮತಲದಲ್ಲಿ ಚೌಕವಾಗಿ ಕೂರಬಲ್ಲವೆಂದು 1962ರಲ್ಲಿ ತಿಳಿಯಿತು, ಅಂಥ ಚೌಕಗಳನ್ನು ಒಂದರ ಮೇಲೊಂದು ಪೇರಿಸಿದರೆ ನಾಲ್ಕೆಳೆಯ ಕಂಬ. ‘ಸಿ’ ಹೆಚ್ಚಾಗಿರುವ ಎಳೆಯ ಇನ್ನೊಂದು ಬಗೆಯ ಮಡಿಕೆ 1993ರಲ್ಲಿ ಬೆಳಕಿಗೆ ಬಂತು. ಇವು ಪ್ರನಾಳದ ವಿನೋದಗಳಷ್ಟೇ ಎಂಬ ಸಂದೇಹ ಬಹುಕಾಲ ಇತ್ತು. 2013ರಲ್ಲಿ ‘ಜಿ’ಯ ಕಂಬಗಳನ್ನೂ 2018ರಲ್ಲಿ ‘ಸಿ’ಯ ಮಡಿಕೆಗಳನ್ನೂ ಮಾನವ ಜೀವಕೋಶದೊಳಗೇ ಗುರುತಿಸಿದ ಮೇಲೆ ಆ ಸಂದೇಹ ಬಹುಮಟ್ಟಿಗೆ ಹಿಂದೆ ಸರಿಯಿತು.

ಈ ಕಥೆಯಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಅವರು ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ ವಿ. ಶಶಿಶೇಖರನ್ ಮತ್ತು ಅವರ ಸಂಗಡಿಗರು 1970ರ ದಶಕದ ಉತ್ತರಾರ್ಧದಲ್ಲಿ ಒಂದು ದಿಟ್ಟ ವಾದವನ್ನು ಮುಂದಿಟ್ಟರು: ಡಿ.ಎನ್.ಎ. ಉದ್ದಕ್ಕೂ ಬಲಮುಖವಾಗಿಯೇ ಸುತ್ತಬೇಕಾಗಿಲ್ಲ, ಬಲ ಎಡಗಳ ತಿರುವುಗಳು ಒಂದಾದ ಮೇಲೊಂದು ಬರಬಹುದು. ಆ ಮಾದರಿ ನಿಲ್ಲಲಿಲ್ಲ. ಸ್ಫಟಿಕಗಳ ಸಾಕ್ಷ್ಯ ಜೋಡಿಸುರುಳಿಯನ್ನೇ ಎತ್ತಿಹಿಡಿಯಿತು. ಆದರೆ 1979ರಲ್ಲಿ ಅಮೆರಿಕದ ಅಲೆಗ್ಸಾಂಡರ್ ರಿಚ್ ಅವರ ತಂಡ ‘ಸಿ’, ‘ಜಿ’ಗಳು ಸರದಿಯಾಗಿ ಬರುವ ಪಾಠದಲ್ಲಿ, ಬೇರೆಯೇ ಬಗೆಯದಾದ ಎಡಮುಖದ ಸುರುಳಿಯನ್ನು ಕಂಡಿತು. ಪೂರ್ವಪಕ್ಷ ಸೋತರೂ ಅದು ಎತ್ತಿದ ಪ್ರಶ್ನೆ ಗೆದ್ದ ಉದಾಹರಣೆಗಳು ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಉಂಟು. ಅದೇ ವಿಭಾಗದಲ್ಲಿ ಮುಂದೆ ಸಮೀರ್ ಬ್ರಹ್ಮಚಾರಿ ಅವರು ಪುನರಾವೃತ್ತ ಪಾಠಗಳ ಆಕಾರಗಳನ್ನು ಅಭ್ಯಸಿಸಿದರು. ಜೀವರಸಾಯನ ವಿಭಾಗದ ಕೆ. ಮುನಿಯಪ್ಪ ಅವರು, ಯೀಸ್ಟಿನ ವರ್ಣತಂತುಗಳು ಜೊತೆಗೂಡುವಾಗ ದುಡಿಯುವ ಪ್ರೋಟೀನೊಂದು ‘ಜಿ’ಯ ಕಂಬಗಳನ್ನು ಹಿಡಿದುಕೊಳ್ಳುತ್ತದೆ, ಅವು ಮೂಡುವುದಕ್ಕೂ ನೆರವಾಗುತ್ತದೆ ಎಂದು 2000ದಲ್ಲಿ ಸಹೋದ್ಯೋಗಿಗಳೊಡನೆ ತೋರಿಸಿದರು.

ಮಡಿಕೆಯಿಂದ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ನಮ್ಮ ಪ್ರತಿ ವರ್ಣತಂತುವಿನ ಎರಡೂ ತುದಿಗಳಲ್ಲಿ ‘ಟಿ ಟಿ ಎ ಜಿ ಜಿ ಜಿ’ ಎಂಬ ಆರಕ್ಷರದ ಪಲ್ಲವಿ ನೂರಾರು, ಸಾವಿರಾರು ಬಾರಿ ಬರುತ್ತದೆ. ಇದು ಸೀರೆಯ ಸೆರಗನ್ನು ಗಂಟು ಹಾಕಿದಂತೆ: ತುದಿ ಕುಣಿಕೆಯಾಗಿ ಮಡಿಸಿಕೊಂಡು ಎಳೆ ಬಿಚ್ಚದಂತೆ ಕಾಯುತ್ತದೆ. ಇದರ ರಹಸ್ಯವನ್ನು ಬಿಡಿಸಿದವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ಪುನರುಕ್ತಿಯನ್ನು ಕಸವೆಂದು ಗುಡಿಸಿದರೆ ಜೀವಕೋಶವೇ ಉಳಿಯದು.

ಇನ್ನೊಂದು ಮುಖ ಕಠೋರವಾದದ್ದು. ನಮ್ಮ 18ನೆಯ ವರ್ಣತಂತುವಿನಲ್ಲಿ ಸುಮಾರು 150 ಅಕ್ಷರಗಳ ಒಂದು ಪುಟ್ಟ ತಾಣವಿದೆ. ಫಾಲಿಕ್ಯುಲರ್ ಲಿಂಫೋಮ ಎಂಬ ಕ್ಯಾನ್ಸರಿನಲ್ಲಿ ವರ್ಣತಂತು ಬಹುವೇಳೆ ಅಲ್ಲಿಯೇ ಮುರಿದು 14ನೆಯದಕ್ಕೆ ಅಂಟಿಕೊಳ್ಳುತ್ತದೆ. ಅಷ್ಟು ವಿಶಾಲವಾದ ಪಾಠದಲ್ಲಿ ಅದೇ ಜಾಗ ಏಕೆ? ಅಲ್ಲಿನ ಡಿ.ಎನ್.ಎ. ಅಸಾಮಾನ್ಯ ಆಕಾರ ತಾಳುತ್ತದೆ, ಆ ಆಕಾರವನ್ನು ಕಂಡು ದೇಹದ ಒಂದು ಕತ್ತರಿ ಅಲ್ಲಿ ಕತ್ತರಿಸುತ್ತದೆ ಎಂದು ಸತೀಸ್ ರಾಘವನ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕದಿಂದ ವರದಿ ಮಾಡಿದರು. ಮುಂದೆ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ನಡೆಸಿದ ಅಧ್ಯಯನದಲ್ಲಿ ಅಲ್ಲಿ ‘ಜಿ’ಗಳ ಗುಂಪುಗಳು ನಾಲ್ಕೆಳೆಯ ಕಂಬವಾಗಬಲ್ಲವೆಂದು 2011ರಲ್ಲಿ ಪ್ರಕಟವಾಯಿತು.

ಹಂಟಿಂಗ್ಟನ್ ರೋಗದ ಸಂಗತಿ ಇದಕ್ಕಿಂತ ಮನಕಲಕುವಂಥದು. ಒಂದು ವಂಶವಾಹಿಯಲ್ಲಿ ‘ಸಿ ಎ ಜಿ’ ಎಂಬ ಮೂರಕ್ಷರ ಸಾಮಾನ್ಯವಾಗಿ 26 ಬಾರಿಯನ್ನು ಮೀರುವುದಿಲ್ಲ. 40 ಬಾರಿ ಮುಟ್ಟಿದರೆ, ಬಹುಪಾಲು ನಡುವಯಸ್ಸಿನಲ್ಲಿ, ದೇಹದ ಹಿಡಿತವೂ ಮನಸ್ಸಿನ ಹಿಡಿತವೂ ತಪ್ಪುತ್ತ ಹೋಗುತ್ತವೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಇಂಥ ಪಾಠ ಹೇರ್‌ಪಿನ್ನಿನಂತೆ ಮಡಿಸಿಕೊಳ್ಳುವುದರಿಂದ ನಕಲು ತಿದ್ದುವಾಗ ಜಾರಿ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಂಖ್ಯೆ ಬೆಳೆಯಬಹುದು. ತಂದೆಗಿಂತ ಮಗನಿಗೆ ಬೇಗ ರೋಗ ಕಾಣಬಹುದು. ರೋಗಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ನಿಮ್ಹಾನ್ಸ್‌ನ ವೈದ್ಯರು ಇಂಥ ಕುಟುಂಬಗಳನ್ನು ಬಲ್ಲರು. ರಕ್ತಪರೀಕ್ಷೆ ಸಂಖ್ಯೆಯನ್ನು ತಿಳಿಸಬಲ್ಲದು. ಇಪ್ಪತ್ತೈದರ ಆರೋಗ್ಯವಂತ ಮಗಳು ಅದನ್ನು ತಿಳಿಯಬೇಕೆ? ಮದುವೆಯ ಮಾತು ಬಂದ ಮನೆಯಲ್ಲಿ ಯಾರು ಯಾರಿಗೆ ಹೇಳಬೇಕು? ಪಾಠವನ್ನು ಓದಬಲ್ಲೆವೆಂಬ ಕಾರಣಕ್ಕೆ ಓದಿಸಲೇಬೇಕೆಂಬ ಹಕ್ಕು ಬಂಧುಗಳಿಗಿಲ್ಲ. ತಿಳಿಯುವ ಸ್ವಾತಂತ್ರ್ಯದಷ್ಟೇ ತಿಳಿಯದಿರುವ ಸ್ವಾತಂತ್ರ್ಯವೂ ಆಕೆಯದು. ಪರೀಕ್ಷೆಗೆ ಮೊದಲು ಸಮಾಧಾನವಾಗಿ ಆಪ್ತ ಸಲಹೆ ಪಡೆಯುವುದು ವಿವೇಕ.

ಮೊದಲ ಪ್ರಶ್ನೆಗೆ ಬಂದರೆ, ಆವೃತ್ತಿ ದೋಷವೋ ಗುಣವೋ ಎಂಬುದಕ್ಕೆ ಕ್ಷೇಮೇಂದ್ರ ಬಹು ಹಿಂದೆಯೇ ಒಂದು ಅಳತೆಗೋಲು ಕೊಟ್ಟಿದ್ದಾನೆ: ಔಚಿತ್ಯ. ತುದಿಯಲ್ಲಿ ಸಾವಿರ ಬಾರಿ ಬಂದರೂ ರಕ್ಷೆಯಾಗುವ ಪುನರುಕ್ತಿ, ವಂಶವಾಹಿಯ ಒಳಗೆ ನಲವತ್ತು ಬಾರಿಗೇ ಮಾರಕವಾಗುತ್ತದೆ. ಸ್ಥಾನ, ಪ್ರಮಾಣ, ಆಕಾರ ಇವನ್ನು ಕಾಣದೆ ಯಾವುದನ್ನೂ ಕಸವೆಂದು ಕರೆಯುವ ಆತುರ ಬೇಡವೆಂಬುದು ಕಾವ್ಯದ ಓದುಗನಿಗೂ ಜೀವಕೋಶದ ಓದುಗನಿಗೂ ಒಂದೇ ಬಗೆಯಲ್ಲಿ ಸಲ್ಲುವ ಮಾತು.